ಮಲೆನಾಡಿನ ಮನೆಯಲ್ಲಿ ರೆಸಿನ್ ಎರಕ: ಯಾವ ಸಾಮಾನು, ಎಲ್ಲಿಂದ, ಯಾವಾಗ ತರೋದು?

ಮೀಟರ್ ಗೇಜ್, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ–ತಾಳಗುಪ್ಪ ಹಾದಿ ಬ್ರಾಡ್ ಗೇಜ್ ಆಗುವ ಮೊದಲು ಓಡುತ್ತಿದ್ದ ಗಾಡಿಯ ಮಾದರಿ ಮಾಡುತ್ತಿದ್ದೇನೆ. ಅಳತೆ ಎಚ್‌ಒ, ಅಂದರೆ 1:87. ಆಗಿನ ಮೀಟರ್ ಗೇಜನ್ನು, ಅಂದರೆ ಹಳಿಗಳ ನಡುವಿನ 1 ಮೀಟರ್ ಅಂತರವನ್ನು, ಈ ಅಳತೆಗೆ ಇಳಿಸಿದರೆ 11.5 ಮಿ.ಮೀ. ಬರುತ್ತದೆ, ಅದಕ್ಕೆ 12 ಮಿ.ಮೀ. ಹಳಿ ಹೊಂದುತ್ತದೆ. ಹಳಿ, ಗಾಲಿ, ಮೋಟರ್ ಎಲ್ಲಿಂದಲಾದರೂ ತರಿಸಬಹುದು. ತೊಂದರೆ ಇರುವುದು ಸಣ್ಣ ಭಾಗಗಳದ್ದು. ಚಾವಣಿ ಮೇಲಿನ ವೆಂಟಿಲೇಟರ್, ಆಕ್ಸಲ್ ಬಾಕ್ಸ್ (ಗಾಲಿಯ ದಂಡದ ತುದಿ ಕೂರುವ ಪೆಟ್ಟಿಗೆ), ಗಾಡಿಯ ಎರಡೂ ತುದಿಗೆ ನಡುವಲ್ಲಿ ಬರುವ ಬಫರ್ ಕೊಂಡಿ. ನಮ್ಮ ಗಾಡಿಗೆ ಹೊಂದುವಂಥವು ರೆಡಿಮೇಡ್ ಸಿಗುವುದಿಲ್ಲ.

ಪ್ಲಾಸ್ಟಿಕ್ ಶೀಟ್ ಕತ್ತರಿಸಿ ಒಂದೊಂದು ಮಾಸ್ಟರ್, ಅಂದರೆ ಮೂಲ ಮಾದರಿ, ಮಾಡಿಟ್ಟುಕೊಂಡಿದ್ದೇನೆ. ಅದರ ಮೇಲೆ ಸಿಲಿಕೋನ್ ರಬ್ಬರ್ ಹೊಯ್ದು ಅಚ್ಚು ಮಾಡಿ, ಆ ಅಚ್ಚಿನಲ್ಲಿ ರೆಸಿನ್ (ಬೆರೆಸಿ ಹೊಯ್ದರೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ಹೊಯ್ದು ಬೇಕಾದಷ್ಟು ಎರಕ ತೆಗೆಯಬೇಕು. ಯಾವ ಸಿಲಿಕೋನ್ ತಗೋಬೇಕು? ಯಾವ ರೆಸಿನ್? ಶಿವಮೊಗ್ಗದಲ್ಲಿ ಏನು ಸಿಗುತ್ತದೆ, ಏನನ್ನು ಬೆಂಗಳೂರಿಂದ ತರಿಸಲೇಬೇಕು? ಅಂತರ್ಜಾಲದಲ್ಲಿ ಸಿಗುವ ಸಲಹೆಗಳೆಲ್ಲ ಬೇರೆ ದೇಶದ ಬ್ರ್ಯಾಂಡುಗಳ ಮೇಲೆ ನಿಂತಿವೆ. ನಮ್ಮ ಕಡೆಯ ಅನುಭವ ಇದ್ದವರು ದಯವಿಟ್ಟು ಹೇಳಿ.

ತುಂಗಾ ದಂಡೆ, ತೀರ್ಥಹಳ್ಳಿ

ಒಳ್ಳೆ ಕೆಲಸ ಹಿಡಿದಿದ್ದೀರಿ. ನನ್ನ ಮಾತು ಒಂದೇ: ನಮ್ಮ ಕಡೆ ರೆಸಿನ್ ಕೊಳ್ಳುವ ಮೊದಲು ತಿಂಗಳು ಯಾವುದು ಅಂತ ನೋಡಿ. ಸಿಲಿಕೋನ್ ಯಾವಾಗ ಬೇಕಾದರೂ ತರಬಹುದು. ರೆಸಿನ್ ಹಾಗಲ್ಲ.

ಮಾದರಿ ಮಾಡುವವರು ಜಾಸ್ತಿ ಹೊಗಳುವುದು ಪಾಲಿಯುರೆಥೇನ್ ರೆಸಿನ್ ಅನ್ನು. ಎರಡು ಬಾಟಲಿ ಬರುತ್ತದೆ, ಸಾಮಾನ್ಯವಾಗಿ ಸಮ ಸಮ ಬೆರೆಸುವುದು. ಬೆರೆಸಿದ ಮೇಲೆ ಹೊಯ್ಯಲು ಎರಡು ಮೂರು ನಿಮಿಷ ಸಿಗುತ್ತದೆ, ಅರ್ಧ ಗಂಟೆಯೊಳಗೆ ಭಾಗ ಹೊರಗೆ ಬರುತ್ತದೆ. ತೆಳ್ಳಗಿರುವುದರಿಂದ ಸಣ್ಣ ಮೂಲೆಗೂ ಇಳಿಯುತ್ತದೆ, ಬಿಳಿ ಬಣ್ಣಕ್ಕೆ ಗಟ್ಟಿಯಾಗುತ್ತದೆ, ಚೆನ್ನಾಗಿ ಉಜ್ಜಬಹುದು, ಪೇಂಟ್ ಹಿಡಿಯುತ್ತದೆ. ಎಲ್ಲ ಸರಿ. ಆದರೆ ಅದರ ಒಂದು ಬಾಟಲಿಯಲ್ಲಿರುವುದು ಐಸೋಸಯನೇಟ್. ಅದಕ್ಕೆ ನೀರು ತಾಗಿದರೆ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಗಾಳಿಯ ತೇವವೂ ನೀರೇ ಅಲ್ವಾ? ಎರಕದ ತುಂಬ ಸೂಜಿಮೊನೆಯಷ್ಟು ಗುಳ್ಳೆ. ತೇವ ಜಾಸ್ತಿಯಾದರೆ ರೆಸಿನ್ ನೊರೆಯಾಗಿ ಅಚ್ಚಿನಿಂದ ಮೇಲೇಳುತ್ತದೆ.

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಜಾಸ್ತಿ ಮಳೆ. ತೀರ್ಥಹಳ್ಳಿಯಲ್ಲಿ ಅಷ್ಟಿಲ್ಲ, ಶಿವಮೊಗ್ಗ ಪೇಟೆಯಲ್ಲಿ ಇನ್ನೂ ಕಡಿಮೆ. ಆದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮನೆಗಳಲ್ಲಿ ಒಣಗಿಸಿದ ಬಟ್ಟೆಯೇ ತಣ್ಣಗಿರುತ್ತದೆ. ಹಾಗಾಗಿ ಪಾಲಿಯುರೆಥೇನ್ ಕೆಲಸವನ್ನು ಡಿಸೆಂಬರ್‌ನಿಂದ ಏಪ್ರಿಲ್‌ಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಮಾಡಲೇಬೇಕು ಅಂದರೆ ಎಪಾಕ್ಸಿ ಹಿಡಿಯಿರಿ. ನಿಧಾನ, ಒಂದು ದಿನ ಕಾಯಬೇಕು, ಆದರೆ ನೊರೆಯಾಗುವುದಿಲ್ಲ.

ಇನ್ನೊಂದು ಮಾತು. ಪಾಲಿಯುರೆಥೇನ್ ಅಗ್ಗ ಅಂತ 5 ಕೆಜಿ ಕ್ಯಾನ್ ತರಬೇಡಿ. ಮುಚ್ಚಳ ತೆಗೆದ ದಿನದಿಂದ ಅದು ಕೆಡಲು ಶುರು. ಸಣ್ಣ ಪ್ಯಾಕ್ ತನ್ನಿ, ತಯಾರಾದ ತಿಂಗಳು ಕೇಳಿ ತನ್ನಿ. ಅಂಗಡಿಯವರು ಹೇಳದಿದ್ದರೆ ಬೇರೆಯವರ ಹತ್ತಿರ ಹೋಗಿ.

ಮೀಟರ್ ಗೇಜ್, ಶಿವಮೊಗ್ಗ

ತುಂಬಾ ಉಪಯೋಗವಾಯಿತು. ತೇವದ ವಿಷಯ ಎಲ್ಲೂ ಇಷ್ಟು ಬಿಡಿಸಿ ಓದಿರಲಿಲ್ಲ. ಸಿಲಿಕೋನ್ ಬಗ್ಗೆಯೂ ಹೇಳುತ್ತೀರಾ? ಟಿನ್, ಪ್ಲಾಟಿನಂ ಅಂತ ಎರಡು ಕಾಣುತ್ತದೆ. ಬೆಲೆಯಲ್ಲಿ ತುಂಬಾ ವ್ಯತ್ಯಾಸ ಇದೆ.

ತುಂಗಾ ದಂಡೆ, ತೀರ್ಥಹಳ್ಳಿ

ಸಿಲಿಕೋನ್ ಗಟ್ಟಿ ಮಾಡುವ ಕ್ಯಾಟಲಿಸ್ಟ್‌ನಲ್ಲಿ ಯಾವ ಲೋಹ ಇದೆಯೋ ಅದರ ಹೆಸರು ಅದು. ಟಿನ್ ಅಗ್ಗ, ಪ್ಲಾಟಿನಂ ದುಬಾರಿ. ನಿಮ್ಮ ಕೆಲಸಕ್ಕೆ ಟಿನ್ ಸಾಕು.

ಟಿನ್ ಸಿಲಿಕೋನ್‌ಗೆ ಕ್ಯಾಟಲಿಸ್ಟ್ ತೂಕದಲ್ಲಿ 2ರಿಂದ 5 ಶೇಕಡಾ ಹಾಕುವುದು. ಡಬ್ಬದ ಮೇಲೆ ಎಷ್ಟಿದೆಯೋ ಅಷ್ಟೇ ಹಾಕಿ. ಬೇಗ ಗಟ್ಟಿಯಾಗಲಿ ಅಂತ ಜಾಸ್ತಿ ಹಾಕಿದರೆ ಅಚ್ಚು ಬೇಗ ಹರಿಯುತ್ತದೆ. ಇದಕ್ಕೆ ಗಾಳಿಯ ತೇವ ಶತ್ರುವಲ್ಲ. ತೇವ ಇದ್ದರೆ ಇನ್ನೂ ಬೇಗ ಗಟ್ಟಿಯಾಗುತ್ತದೆ, ಹಾಗಾಗಿ ಮಳೆಗಾಲದಲ್ಲಿ ಕೈ ಸ್ವಲ್ಪ ಚುರುಕಿರಲಿ. ಇದರ ದೋಷ ಅಂದರೆ ವರ್ಷ ಕಳೆದಂತೆ ಅಚ್ಚು ತುಸು ಕುಗ್ಗುತ್ತದೆ, ಗಟ್ಟಿಯಾಗಿ ಸೀಳುತ್ತದೆ. ಸಣ್ಣ ಭಾಗಕ್ಕೆ ಅದು ದೊಡ್ಡ ವಿಷಯವಲ್ಲ. ಮಾಸ್ಟರ್ ಇದ್ದೇ ಇರುತ್ತದೆ, ಹೊಸ ಅಚ್ಚು ಹೊಯ್ದರಾಯಿತು.

ಪ್ಲಾಟಿನಂ ಸಿಲಿಕೋನ್ ಕುಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ವರ್ಷಗಟ್ಟಲೆ ಬಾಳುತ್ತದೆ. ಆದರೆ ಮುಟ್ಟಿದರೆ ಮುನಿ. ಗಂಧಕ ಇರುವ ಜೇಡಿ, ಲೇಟೆಕ್ಸ್ ಕೈಗವಸು, ಟಿನ್ ಸಿಲಿಕೋನ್ ತಾಗಿದ ಪಾತ್ರೆ, ಅಮೈನ್ (ಹಾರ್ಡನರ್‌ನ ರಾಸಾಯನಿಕ) ಉಳಿದಿರುವ ಎಪಾಕ್ಸಿ ಪುಟ್ಟಿ, ಯಾವುದು ತಾಗಿದರೂ ಆ ಜಾಗ ಅಂಟಂಟಾಗಿ ಉಳಿಯುತ್ತದೆ. ಎಷ್ಟು ದಿನ ಕಾದರೂ ಗಟ್ಟಿಯಾಗುವುದಿಲ್ಲ.

ಕೊಳ್ಳುವಾಗ ಎರಡು ಅಂಕಿ ಕೇಳಿ. ಒಂದು ಶೋರ್ ಎ ಗಡಸುತನ. 15ರಿಂದ 25ರ ಒಳಗೆ ಇದ್ದರೆ ಸಣ್ಣ ಭಾಗ ಬಿಡಿಸಲು ಸುಲಭ. ಇನ್ನೊಂದು ದ್ರವ ಎಷ್ಟು ಮಂದ ಅನ್ನುವುದು, ಸೆಂಟಿಪಾಯ್ಸ್‌ನಲ್ಲಿ ಬರೆದಿರುತ್ತಾರೆ. ವ್ಯಾಕ್ಯೂಮ್ ಪಂಪ್ ಇಲ್ಲದವರು 20,000ಕ್ಕಿಂತ ಕೆಳಗಿನದು ತಗೊಳ್ಳಿ. ಅದಕ್ಕಿಂತ ಮಂದ ಇದ್ದರೆ ಗುಳ್ಳೆ ತಾನಾಗಿ ಮೇಲೆ ಬರುವುದಿಲ್ಲ.

ಟಿನ್ ಬಳಸುವವರಿಗೆ ಒಂದು ವಿಷಯ ಗೊತ್ತಿರಬೇಕು. ಅದು ಗಟ್ಟಿಯಾಗುವಾಗ ಒಳಗಿಂದ ಆಲ್ಕೋಹಾಲ್ ಬಿಡುತ್ತದೆ. ಅಚ್ಚು ಬಿಡಿಸಿದ ಕೂಡಲೇ ಪಾಲಿಯುರೆಥೇನ್ ಹೊಯ್ದರೆ ಆ ಆಲ್ಕೋಹಾಲ್ ರೆಸಿನ್ ಜೊತೆ ಸೇರಿ ಮೇಲ್ಮೈ ಹಾಳಾಗುತ್ತದೆ. ಒಂದೆರಡು ದಿನ ಅಚ್ಚನ್ನು ಸುಮ್ನೆ ಬಿಚ್ಚಿ ಇಡಿ. ಆಮೇಲೆ ಹೊಯ್ಯಿರಿ.

ಭದ್ರಾವತಿ ಎರಕ

1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಊರಿನವನು ನಾನು. ಕೆಲಸ ಮಾಚೇನಹಳ್ಳಿ ಕಡೆ ಫೌಂಡ್ರಿಯೊಂದರ ಪ್ಯಾಟರ್ನ್ ಶಾಪ್‌ನಲ್ಲಿ. ರೆಸಿನ್‌ನ ಕೆಮಿಸ್ಟ್ರಿ ನನಗೆ ಗೊತ್ತಿಲ್ಲ. ಆದರೆ ಎರಕ ಅಂದರೆ ಎರಕವೇ. ಸಾಮಾನು ಕೊಳ್ಳುವ ಮೊದಲು ಅಚ್ಚು ಹೇಗೆ ಅಂತ ತೀರ್ಮಾನ ಮಾಡಿ, ಆಗ ಎಷ್ಟು ಬೇಕು ಅಂತ ತಾನಾಗಿ ಗೊತ್ತಾಗುತ್ತದೆ.

ನಿಮ್ಮ ಆಕ್ಸಲ್ ಬಾಕ್ಸ್ ತಗೊಳ್ಳೋಣ. ಅದರ ಹಿಂಭಾಗ ಬೋಗಿ ಫ್ರೇಮಿಗೆ ಅಂಟುತ್ತದೆ, ಯಾರೂ ನೋಡುವುದಿಲ್ಲ. ಹಾಗಿದ್ದರೆ ಹಿಂಭಾಗ ಚಪ್ಪಟೆ ಇಟ್ಟು ಒಂದೇ ತುಂಡಿನ ತೆರೆದ ಅಚ್ಚು ಮಾಡಿ. ಎರಡು ತುಂಡಿನ ಅಚ್ಚು ಬೇಡ. ಹತ್ತು ಮಾಸ್ಟರ್ ಮಾಡುವ ಕಷ್ಟವೂ ಬೇಡ. ಒಂದು ಚೆನ್ನಾಗಿ ಮಾಡಿ, ಅದರಿಂದ ಎಂಟು ಎರಕ ತೆಗೆಯಿರಿ, ಆ ಎಂಟನ್ನೂ ಸಾಲಾಗಿ ಜೋಡಿಸಿ ಕೆಲಸದ ಅಚ್ಚು ಹೊಯ್ಯಿರಿ. ಆಮೇಲೆ ಒಂದು ಸಲ ಹೊಯ್ದರೆ ಒಂದು ಡಬ್ಬಿಗೆ ಬೇಕಾದ ಎಂಟೂ ಬಂತು.

ವೆಂಟಿಲೇಟರ್‌ಗೆ ಎಲ್ಲ ಕಡೆಯೂ ಆಕಾರ ಇದೆ, ಅದಕ್ಕೆ ಎರಡು ತುಂಡು ಬೇಕು. ಅಲ್ಲಿ ರನ್ನರ್ (ರೆಸಿನ್ ಒಳಗೆ ಹೋಗುವ ದಾರಿ), ರೈಸರ್ (ಗಾಳಿ ಹೊರಗೆ ಹೋಗುವ ದಾರಿ) ಎರಡನ್ನೂ ಯೋಚನೆ ಮಾಡಿ. ರೆಸಿನ್ ಕೆಳಗಿಂದ ತುಂಬಿ ಮೇಲಕ್ಕೆ ಬರಬೇಕು, ಗಾಳಿ ಅದರ ಮುಂದೆ ಓಡಿ ಹೊರಗೆ ಹೋಗಬೇಕು. ಭಾಗವನ್ನು ಅಚ್ಚಿನಲ್ಲಿ ಓರೆಯಾಗಿ ಮಲಗಿಸಿ, ಅತಿ ಎತ್ತರದ ಮೂಲೆ ಯಾವುದೋ ಅಲ್ಲಿಂದ ಸೂಜಿಯಷ್ಟು ತೆಳು ದಾರಿ ಬಿಡಿ. ಗುಳ್ಳೆ ನಿಲ್ಲುವುದು ಯಾವಾಗಲೂ ಆ ಮೂಲೆಯಲ್ಲೇ.

ಕುಗ್ಗುವ ಲೆಕ್ಕವನ್ನೂ ಇಟ್ಟುಕೊಳ್ಳಿ. 6 ಮಿ.ಮೀ. ಆಕ್ಸಲ್ ಬಾಕ್ಸ್ 1 ಶೇಕಡಾ ಕುಗ್ಗಿದರೆ ಕಣ್ಣಿಗೇ ಕಾಣದು. ಆದರೆ 220 ಮಿ.ಮೀ. ಉದ್ದದ ಡಬ್ಬಿಯ ಪಕ್ಕದ ಗೋಡೆ ಅಷ್ಟೇ ಕುಗ್ಗಿದರೂ 2 ಮಿ.ಮೀ. ಹೋಯಿತು. ಕಿಟಕಿ ಸಾಲು ಕೂರುವುದಿಲ್ಲ. ಉದ್ದದ ಭಾಗವನ್ನು ಶೀಟಿನಲ್ಲೇ ಮಾಡಿ. ಸಣ್ಣದನ್ನು ಮಾತ್ರ ಎರಕ ಹೊಯ್ಯಿರಿ.

ಮೀಟರ್ ಗೇಜ್, ಶಿವಮೊಗ್ಗ

ಎಂಟು ಜೋಡಿಸಿ ಒಂದು ಅಚ್ಚು ಮಾಡುವ ಉಪಾಯ ನನಗೆ ಹೊಳೆದೇ ಇರಲಿಲ್ಲ! ಹಾಗಾದರೆ ಸಿಲಿಕೋನ್ ಎಷ್ಟು ಬೇಕಾಗುತ್ತದೆ? 1 ಕೆಜಿ ಸಾಕಾ?

ತುಂಗಾ ದಂಡೆ, ತೀರ್ಥಹಳ್ಳಿ

ಧಾರಾಳ ಸಾಕು. ಲೆಕ್ಕ ಹೀಗೆ. ಮಾಸ್ಟರ್ ಸುತ್ತ 8ರಿಂದ 10 ಮಿ.ಮೀ. ಗೋಡೆ ಬಿಡಿ. ಒಂದು ಸಣ್ಣ ಭಾಗಕ್ಕೆ ಒಳಗಡೆ 5 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, 2.5 ಸೆಂ.ಮೀ. ಎತ್ತರದ ಪೆಟ್ಟಿಗೆ ಸಾಕು. ಒಟ್ಟು 50 ಘನ ಸೆಂ.ಮೀ. ಸಿಲಿಕೋನ್ ನೀರಿಗಿಂತ ಸ್ವಲ್ಪ ಭಾರ, 55ರಿಂದ 60 ಗ್ರಾಂ ಆಗುತ್ತದೆ. ಕಪ್ಪಿಗೆ ಅಂಟುವುದು ಸೇರಿ 65 ಇಟ್ಟುಕೊಳ್ಳಿ. ಒಂದು ಕೆಜಿಯಲ್ಲಿ ಇಂಥ 15 ಅಚ್ಚು.

ವಕ್ರ ಪೆಟ್ಟಿಗೆಯಾದರೆ ಅಳತೆಗೆ ರಾಗಿ ಬಳಸಿ. ಮಾಸ್ಟರ್ ಕೂರಿಸಿದ ಪೆಟ್ಟಿಗೆಗೆ ರಾಗಿ ತುಂಬಿ, ಅದನ್ನು ಅಳತೆ ಕಪ್ಪಿಗೆ ಸುರಿದು ನೋಡಿ. ಅಕ್ಕಿಗಿಂತ ರಾಗಿ ಒಳ್ಳೆಯದು, ಸಣ್ಣ ಸಂದಿಗೂ ಇಳಿಯುತ್ತದೆ. ಆಮೇಲೆ ಮಾಸ್ಟರನ್ನು ಬ್ರಷ್‌ನಿಂದ ಪೂರ್ತಿ ಒರೆಸಿ, ಒಂದು ಸಿಪ್ಪೆಯೂ ಉಳಿಯಬಾರದು.

ತಕ್ಕಡಿ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. 60 ಗ್ರಾಂ ಸಿಲಿಕೋನ್‌ಗೆ 3 ಶೇಕಡಾ ಅಂದರೆ ಕ್ಯಾಟಲಿಸ್ಟ್ ಬರೀ 1.8 ಗ್ರಾಂ. ಅಡುಗೆಮನೆಯ ತಕ್ಕಡಿ 1 ಗ್ರಾಂಗೆ ಒಂದು ಹೆಜ್ಜೆ ಇಡುತ್ತದೆ, ಅದರಲ್ಲಿ ಇದು ಆಗುವ ಕೆಲಸವಲ್ಲ. 0.01 ಗ್ರಾಂ ತೋರಿಸುವ ಆಭರಣದ ತಕ್ಕಡಿ ಬೇಕು. ಶಿವಮೊಗ್ಗದ ಗಾಂಧಿ ಬಜಾರ್ ಕಡೆ ಬಂಗಾರದ ಕೆಲಸದವರನ್ನು ಕೇಳಿ, ಅವರು ಎಲ್ಲಿ ತರುತ್ತಾರೆ ಅಂತ ಹೇಳುತ್ತಾರೆ. ಅವರಿಗೆ ಅಚ್ಚಿನ ಬಗ್ಗೆಯೂ ಗೊತ್ತಿರುತ್ತದೆ. ಉಂಗುರದ ಮೇಣದ ಮಾದರಿಯನ್ನು ರಬ್ಬರ್ ಅಚ್ಚಿನಲ್ಲೇ ತೆಗೆಯುವುದು.

ಹೊಸನಗರ ತ್ರೀಡಿ

ಮಧ್ಯೆ ನನ್ನದೊಂದು ಪ್ರಶ್ನೆ. ರೆಸಿನ್ ತ್ರೀಡಿ ಪ್ರಿಂಟರ್‌ನಲ್ಲಿ ಪ್ರಿಂಟ್ ಮಾಡಿದ ಮಾಸ್ಟರ್ ಮೇಲೆ ಪ್ಲಾಟಿನಂ ಸಿಲಿಕೋನ್ ಹೊಯ್ದೆ. ಹೊರಗಡೆ ಗಟ್ಟಿಯಾಗಿದೆ. ಮಾಸ್ಟರ್ ತಾಗುವ ಕಡೆ ಮಾತ್ರ ಜೇನಂಟು. ಸಿಲಿಕೋನ್ ಹಳೆಯದು ಅಂತ ಅನುಮಾನ ಪಡಬಹುದಾ?

ತುಂಗಾ ದಂಡೆ, ತೀರ್ಥಹಳ್ಳಿ

ಸಿಲಿಕೋನ್ ಹಳೆಯದಾಗಿದ್ದರೆ ಎಲ್ಲ ಕಡೆ ಅಂಟಿರುತ್ತಿತ್ತು. ಹೊರಗೆ ಗಟ್ಟಿ, ಮಾಸ್ಟರ್ ಹತ್ತಿರ ಅಂಟು ಅಂದರೆ ಪ್ರಿಂಟಿನದೇ ಕೆಲಸ. ಪೂರ್ತಿ ಗಟ್ಟಿಯಾಗದೆ ಉಳಿದ ಪ್ರಿಂಟ್ ರೆಸಿನ್ ಪ್ಲಾಟಿನಂ ಅನ್ನು ಕಟ್ಟಿಹಾಕುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಎರಡು ಸಲ ತೊಳೆಯಿರಿ, ಎರಡನೆಯದಕ್ಕೆ ಹೊಸ ಆಲ್ಕೋಹಾಲ್. ಒಣಗಿದ ಮೇಲೆ ಯುವಿ ದೀಪದ ಕೆಳಗೆ ಎಲ್ಲ ಬದಿ ತಿರುಗಿಸಿ ಇಡಿ, ಆಮೇಲೆ ಸ್ವಲ್ಪ ಬಿಸಿಗೂ ಇಡಿ. ಮೇಲೆ ಅಕ್ರಿಲಿಕ್ ಕ್ಲಿಯರ್ ಸ್ಪ್ರೇ ಎರಡು ಕೋಟು. ಇಷ್ಟಾದರೂ ಮೊದಲು ಮೂಲೆಯಲ್ಲಿ ಒಂದು ಹನಿ ಸಿಲಿಕೋನ್ ಹಚ್ಚಿ ನೋಡದೆ ಪೂರ್ತಿ ಹೊಯ್ಯಬೇಡಿ. ಇಷ್ಟೆಲ್ಲ ಬೇಡ ಅಂದರೆ ಟಿನ್ ಬಳಸಿ, ಅದಕ್ಕೆ ಈ ರಗಳೆ ಬಹಳ ಕಡಿಮೆ.

ಹಲ್ಲಿನ ಲ್ಯಾಬ್, ಶಿವಮೊಗ್ಗ

ನಾನು ದಂತ ಪ್ರಯೋಗಾಲಯದಲ್ಲಿ ಟೆಕ್ನಿಶಿಯನ್. ಈ ಚರ್ಚೆ ಓದುತ್ತಾ ಹೋದಂತೆ, ನೀವು ಬೆಂಗಳೂರಿಂದ ತರಿಸುತ್ತಿರುವ ಅರ್ಧ ಸಾಮಾನು ನಮ್ಮ ಊರಿನ ದಂತ ಸಾಮಗ್ರಿ ಅಂಗಡಿಯಲ್ಲೇ ಇದೆ ಅನ್ನಿಸಿತು. ಡೆಂಟಲ್ ಕಾಲೇಜು ಇರುವ ಊರು ನಮ್ಮದು, ಸಾಮಾನಿಗೆ ಕೊರತೆ ಇಲ್ಲ.

ಮೊದಲನೆಯದು ಹಲ್ಲಿನ ಅಳತೆ ತೆಗೆಯುವ ಅಡಿಷನ್ ಸಿಲಿಕೋನ್ ಪುಟ್ಟಿ. ಇದೂ ಪ್ಲಾಟಿನಂ ಜಾತಿಯೇ. ಎರಡು ಬಣ್ಣದ ಉಂಡೆ ಸಮ ತಗೊಂಡು ನಾದಿ, ಮಾಸ್ಟರ್ ಮೇಲೆ ಒತ್ತಿದರೆ ಕೆಲವೇ ನಿಮಿಷದಲ್ಲಿ ಅಚ್ಚು ಸಿದ್ಧ. ನುಣುಪು ಬೇಕಾದ ಕಡೆ ಮೊದಲು ಅದರದೇ ಲೈಟ್ ಬಾಡಿ (ತೆಳ್ಳಗೆ ಹರಿಯುವ ಸಿಲಿಕೋನ್) ಹಚ್ಚಿ, ಅದರ ಮೇಲೆ ಪುಟ್ಟಿ ಒತ್ತಿ. ಕೂದಲಿನಷ್ಟು ಗೆರೆಯನ್ನೂ ಹಿಡಿಯುತ್ತದೆ. ದೊಡ್ಡ ಅಚ್ಚಿಗೆ ದುಬಾರಿ. ಆಕ್ಸಲ್ ಬಾಕ್ಸ್‌ನಂಥದ್ದಕ್ಕೆ ಒಂದು ಡಬ್ಬ ಬಹಳ ದಿನ ಬರುತ್ತದೆ. ಲೇಟೆಕ್ಸ್ ಕೈಗವಸು ಹಾಕಿ ನಾದಬೇಡಿ, ಗಟ್ಟಿಯಾಗುವುದಿಲ್ಲ. ಇದು ನಮ್ಮಲ್ಲಿ ಹೊಸಬರಿಗೆ ಮೊದಲ ದಿನವೇ ಹೇಳುವ ಮಾತು.

ಎರಡನೆಯದು ಕೋಲ್ಡ್ ಕ್ಯೂರ್ ಅಕ್ರಿಲಿಕ್, ಅಂದರೆ ಬಿಸಿ ಮಾಡದೆ ಗಟ್ಟಿಯಾಗುವಂಥದ್ದು. ಪುಡಿ ಮತ್ತು ದ್ರವ. ಕಟ್ಟಿಸಿದ ಹಲ್ಲಿನ ಸೆಟ್ ರಿಪೇರಿ ಮಾಡುವುದು ಇದರಲ್ಲೇ. ಮಳೆಗಾಲದಲ್ಲಿ ಪಾಲಿಯುರೆಥೇನ್ ಬದಲು ಇದನ್ನು ನೋಡಬಹುದು. ತೇವಕ್ಕೆ ನೊರೆಯಾಗುವುದಿಲ್ಲ, ಕಾಲು ಗಂಟೆಗೆ ಗಟ್ಟಿಯಾಗುತ್ತದೆ, ಉಜ್ಜಲು, ಕೊರೆಯಲು ಬಹಳ ಚೆನ್ನ. ದೋಷವೂ ಹೇಳುತ್ತೇನೆ. ಕುಗ್ಗುವುದು ಪಾಲಿಯುರೆಥೇನ್‌ಗಿಂತ ಜಾಸ್ತಿ, ಹಾಗಾಗಿ ಸಣ್ಣ ಭಾಗಕ್ಕೆ ಮಾತ್ರ. ದ್ರವದ ವಾಸನೆ ಕಟು, ಬೆಂಕಿ ಬೇಗ ಹತ್ತುತ್ತದೆ. ಒಲೆ, ಗ್ಯಾಸ್, ದೇವರ ದೀಪ ಇರುವ ಕೋಣೆಯಲ್ಲಿ ಬಾಟಲಿ ತೆರೆಯಲೇಬೇಡಿ.

ಹಲ್ಲಿನ ಅಳತೆಗೆ ನೀರಲ್ಲಿ ಕಲಸುವ ಆಲ್ಜಿನೇಟ್ ಪುಡಿ ಅಗ್ಗ ಅಂತ ಹೋಗಬೇಡಿ. ಅದರ ತುಂಬ ನೀರು. ಅದರಲ್ಲಿ ಜಿಪ್ಸಮ್ ಹೊಯ್ಯಬಹುದು, ಪಾಲಿಯುರೆಥೇನ್ ಹೊಯ್ದರೆ ನೊರೆಯೇ.

ಸಾಗರದ ಉಳಿ

ಮರದಲ್ಲಿ ಮಾಸ್ಟರ್ ಮಾಡುವವರಿಗೆ ಒಂದು ಮಾತು. ನಮ್ಮದು ಕೆತ್ತನೆಯ ಮನೆ. ಮರದ ಮಾಸ್ಟರನ್ನು ಹಾಗೇ ಸಿಲಿಕೋನ್‌ಗೆ ಇಡಬೇಡಿ. ರಂಧ್ರದೊಳಗಿನ ಗಾಳಿ ಗುಳ್ಳೆಯಾಗಿ ಅಚ್ಚಿಗೆ ಬರುತ್ತದೆ, ಸಿಲಿಕೋನ್ ನಾರಿಗೆ ಕಚ್ಚಿಕೊಳ್ಳುತ್ತದೆ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಪಾಲಿಶ್ ತೆಳುವಾಗಿ ಮೂರು ನಾಲ್ಕು ಕೈ ಹೊಡೆಯಿರಿ, ಪ್ರತಿ ಕೈಯ ನಡುವೆ ನಯವಾದ ಕಾಗದದಿಂದ ಉಜ್ಜಿ. ಯಾವ ಪೇಂಟ್ ಅಂಗಡಿಯಲ್ಲೂ ಸಿಗುತ್ತದೆ. ಮಾಸ್ಟರ್ ಮಾಡಲು ಮರ ಬೇಕಿದ್ದರೆ ಶಿವನೆ ಒಳ್ಳೆಯದು, ಹೆಚ್ಚು ಸೀಳುವುದಿಲ್ಲ.

ರಬ್ಬರ್ ತೋಟದ ಹಾಲಿನಲ್ಲಿ ಅಚ್ಚು ಮಾಡಬಹುದಾ ಅಂತ ಕೆಲವರು ಕೇಳುತ್ತಾರೆ. ಅಮೋನಿಯ ಹಾಕಿ ಕೆಡದಂತೆ ಇಟ್ಟ ಲೇಟೆಕ್ಸ್‌ನಲ್ಲಿ ಮಾಡಬಹುದು. ಬ್ರಷ್‌ನಿಂದ ಹತ್ತು ಹದಿನೈದು ಪದರ ಹಚ್ಚಬೇಕು, ಪ್ರತಿ ಪದರ ಒಣಗಬೇಕು. ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ. ಪ್ಲಾಸ್ಟರ್ ಗೊಂಬೆಗೆ ಸರಿ. ರೈಲಿನ ಭಾಗದಂಥ ಸೂಕ್ಷ್ಮ ಕೆಲಸಕ್ಕೆ ಬೇಡ, ಒಣಗುತ್ತಾ ಕುಗ್ಗುತ್ತದೆ.

ಮೀಟರ್ ಗೇಜ್, ಶಿವಮೊಗ್ಗ

ಆಟೋ ಕಾಂಪ್ಲೆಕ್ಸ್ ಕಡೆ ಫೈಬರ್ ಕೆಲಸ ಮಾಡುವವರನ್ನು ಕೇಳಿದೆ. ಅವರ ಹತ್ತಿರ ಇರುವುದು ಪಾಲಿಯೆಸ್ಟರ್ ರೆಸಿನ್. ಬಹಳ ಅಗ್ಗ, ಅರ್ಧ ಲೀಟರ್ ಕೂಡ ಕೊಡುತ್ತಾರಂತೆ. ಅದನ್ನೇ ಬಳಸಿದರೆ?

ತುಂಗಾ ದಂಡೆ, ತೀರ್ಥಹಳ್ಳಿ

ಬಳಸಬಹುದು, ಆದರೆ ಇದನ್ನು ಪೂರ್ತಿ ಓದಿದ ಮೇಲೆ.

ಪಾಲಿಯೆಸ್ಟರ್ ಗಾತ್ರದಲ್ಲಿ 5ರಿಂದ 8 ಶೇಕಡಾ ಕುಗ್ಗುತ್ತದೆ. ಅದರಲ್ಲಿರುವ ಸ್ಟೈರೀನ್ ಅಚ್ಚನ್ನು ತಿನ್ನುತ್ತದೆ, ಅಚ್ಚಿನ ಆಯಸ್ಸು ಬೇಗ ಮುಗಿಯುತ್ತದೆ. ವಾಸನೆ ಮನೆ ತುಂಬಾ ನಿಲ್ಲುತ್ತದೆ. ತೆಳು ಭಾಗ ಮುರಿಯುತ್ತದೆ. ಇವೆಲ್ಲ ಸಹಿಸಬಹುದಾದ ವಿಷಯ.

ಸಹಿಸಲಾಗದ್ದು ಇದು. ಪಾಲಿಯೆಸ್ಟರ್ ಜೊತೆ ಎರಡು ಸಣ್ಣ ಬಾಟಲಿ ಕೊಡುತ್ತಾರೆ. ಒಂದು ವೇಗ ಹೆಚ್ಚಿಸುವ, ನೇರಳೆ ಬಣ್ಣದ ಕೋಬಾಲ್ಟ್, ಇನ್ನೊಂದು ಕ್ಯಾಟಲಿಸ್ಟ್ ಆದ, ನೀರಿನಂಥ ಎಂಇಕೆಪಿ (ಒಂದು ಪೆರಾಕ್ಸೈಡ್). ಈ ಎರಡನ್ನು ನೇರವಾಗಿ ಒಂದಕ್ಕೊಂದು ಯಾವತ್ತೂ ಸೇರಿಸಬಾರದು. ಬೆಂಕಿ ಏಳುತ್ತದೆ, ಸಿಡಿಯಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಪೂರ್ತಿ ಕಲಕಬೇಕು. ಆಮೇಲೆ ಮಾತ್ರ ಎಂಇಕೆಪಿ, 1ರಿಂದ 2 ಶೇಕಡಾ. ಎರಡಕ್ಕೂ ಬೇರೆ ಬೇರೆ ಡ್ರಾಪರ್, ಬೇರೆ ಬೇರೆ ಶೆಲ್ಫ್. ಕೋಬಾಲ್ಟ್ ಮೊದಲೇ ಸೇರಿಸಿದ ರೆಸಿನ್ ಸಿಗುತ್ತದಾ ಅಂತ ಕೇಳಿ, ಸಿಕ್ಕರೆ ಅದನ್ನೇ ತನ್ನಿ. ಎಂಇಕೆಪಿ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೇ ಕುತ್ತು. ರಕ್ಷಣೆಯ ಕನ್ನಡಕ ಇಲ್ಲದೆ ಮುಚ್ಚಳ ತೆಗೆಯಬೇಡಿ. ಬಿದ್ದರೆ ಕೂಡಲೇ ಕಾಲು ಗಂಟೆ ನೀರು ಹಾಯಿಸಿ ಆಸ್ಪತ್ರೆಗೆ ಓಡಿ. ಚಿಕ್ಕ ಮಕ್ಕಳಿರುವ ಮನೆಗೆ ಇದನ್ನು ತರಲೇಬೇಡಿ ಅಂತ ನನ್ನ ಬೇಡಿಕೆ.

ಪಾಲಿಯೆಸ್ಟರ್‌ನ ಅಭ್ಯಾಸ ಎಪಾಕ್ಸಿಗೆ ತರಬೇಡಿ. ಪಾಲಿಯೆಸ್ಟರ್‌ಗೆ ಕ್ಯಾಟಲಿಸ್ಟ್ ಸ್ವಲ್ಪ ಹೆಚ್ಚು ಕಡಿಮೆ ಮಾಡಿ ವೇಗ ಬದಲಿಸಬಹುದು. ಎಪಾಕ್ಸಿಯಲ್ಲಿ 2:1 ಅಂದರೆ 2:1. ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಆಗುವುದಿಲ್ಲ, ಮೆತ್ತಗೆ ಉಳಿಯುತ್ತದೆ. ಮಳೆಗಾಲದಲ್ಲಿ ಎಪಾಕ್ಸಿ ಮೇಲೆ ಜಿಡ್ಡಿನಂಥ ಪೊರೆ ಬರುವುದುಂಟು. ಬಿಸಿನೀರು, ಸೋಪು ಹಾಕಿ ತೊಳೆದ ಮೇಲೆ ಪೇಂಟ್ ಮಾಡಿ, ಇಲ್ಲದಿದ್ದರೆ ಬಣ್ಣ ಕಿತ್ತು ಬರುತ್ತದೆ.

ಬೆಂಗಳೂರಲ್ಲಿರೋ ಕೊಪ್ಪದವ

ಸಾಗಿಸುವ ವಿಷಯ ಹೇಳುತ್ತೇನೆ. ಸಿಲಿಕೋನ್, ಎಪಾಕ್ಸಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಎಂಇಕೆಪಿ, ಅಕ್ರಿಲಿಕ್ ದ್ರವ ಇವೆಲ್ಲ ಅಪಾಯದ ಸರಕು. ಇವನ್ನು ಬಸ್ಸಿನಲ್ಲಿ ಬ್ಯಾಗಿಗೆ ತುರುಕಿಕೊಂಡು ಬರುವ ಯೋಚನೆ ಬೇಡ. ಊರಲ್ಲೇ ಸಿಗುವಾಗ ಊರಲ್ಲೇ ಕೊಳ್ಳಿ.

ತಕ್ಕಡಿ, ಅಕ್ರಿಲಿಕ್ ಶೀಟ್, ಡಿಜಿಟಲ್ ಹೈಗ್ರೋಮೀಟರ್ ಬೇಕಾದರೆ ನಾನು ಎಸ್‌ಪಿ ರೋಡ್‌ನಲ್ಲಿ ತಂದುಕೊಡುತ್ತೇನೆ. ಹಬ್ಬಕ್ಕೆ ಊರಿಗೆ ಬರುತ್ತಿದ್ದೇನೆ. ಹೈಗ್ರೋಮೀಟರ್ ಮರೆಯಬೇಡಿ. ಕೋಣೆಯ ತೇವ ಎಷ್ಟು ಅಂತ ನೋಡಿ ರೆಸಿನ್ ಬೆರೆಸುವುದಕ್ಕೂ ಅಂದಾಜಿನ ಮೇಲೆ ಬೆರೆಸುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಹೊಸನಗರ ತ್ರೀಡಿ

ಪ್ರಿಂಟ್ ತೊಳೆದು, ಯುವಿ ಕೊಟ್ಟು, ಸ್ಪ್ರೇ ಹೊಡೆದು ಒಂದು ಹನಿ ಹಚ್ಚಿ ನೋಡಿದೆ. ಗಟ್ಟಿಯಾಯಿತು! ತುಂಬಾ ಧನ್ಯವಾದ. ಇನ್ನು ಗುಳ್ಳೆಯದು. ಅಡುಗೆಯ ಪ್ರೆಶರ್ ಕುಕ್ಕರ್‌ಗೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಜೋಡಿಸಿ ಒತ್ತಡ ಕೊಡುವ ವಿಡಿಯೋ ನೋಡಿದೆ. ಮಾಡಬಹುದಾ?

ಭದ್ರಾವತಿ ಎರಕ

ಬೇಡ ಮಾರಾಯ್ರೇ, ದಯವಿಟ್ಟು ಬೇಡ. ಕುಕ್ಕರ್ ಕೆಲಸ ಮಾಡುವುದು ಸುಮಾರು 15 ಪಿಎಸ್‌ಐ ಒತ್ತಡದಲ್ಲಿ. ರೆಸಿನ್ ಎರಕಕ್ಕೆ ಕೊಡುವುದು 40ರಿಂದ 60. ಮುಚ್ಚಳ ಹಾರಿದರೆ ಮನೆಯಲ್ಲಿ ಯಾರ ತಲೆಗೆ ಬೀಳುತ್ತದೆ ಅಂತ ಹೇಳಲಾಗುವುದಿಲ್ಲ. ಒತ್ತಡ ಬೇಕೇ ಬೇಕು ಅಂದರೆ ಪೇಂಟ್ ಸ್ಪ್ರೇಗೆ ಅಂತಲೇ ಮಾಡಿದ ಪ್ರೆಶರ್ ಪಾಟ್ ಬರುತ್ತದೆ. ಅದರ ಮೇಲೆ ಬರೆದ ಮಿತಿ ನೋಡಿ, ಸೇಫ್ಟಿ ವಾಲ್ವ್ ಪರೀಕ್ಷಿಸಿ ಬಳಸಿ.

ತುಂಗಾ ದಂಡೆ, ತೀರ್ಥಹಳ್ಳಿ

ಅವರು ಹೇಳಿದ್ದು ಅಕ್ಷರಶಃ ಸರಿ. ನನ್ನ ಅಭಿಪ್ರಾಯದಲ್ಲಿ ಶುರುವಿಗೆ ಎರಡೂ ಯಂತ್ರ ಬೇಡ.

ಸಿಲಿಕೋನ್‌ಗೆ ಬೇಕಾದರೆ ವ್ಯಾಕ್ಯೂಮ್. ಎಸಿ ರಿಪೇರಿಯವರ ಹತ್ತಿರ ಇರುವ ಪಂಪ್ ಸಾಕು, ಪರಿಚಯ ಇದ್ದರೆ ಒಂದು ಸಂಜೆಗೆ ಕೇಳಿ ತಗೊಳ್ಳಿ. ವ್ಯಾಕ್ಯೂಮ್ ಕೊಟ್ಟಾಗ ಸಿಲಿಕೋನ್ ರಾತ್ರಿ ಹುದುಗಿದ ಇಡ್ಲಿ ಹಿಟ್ಟಿನ ಹಾಗೆ ಏಳುತ್ತದೆ, ಮೂರು ನಾಲ್ಕು ಪಟ್ಟು ಮೇಲೆ ಬಂದು ಆಮೇಲೆ ಕುಸಿಯುತ್ತದೆ. ಅಷ್ಟು ಜಾಗ ಇರುವ ಪಾತ್ರೆ ಬೇಕು. ಪಾಲಿಯುರೆಥೇನ್‌ಗೆ ಇದು ಆಗುವುದಿಲ್ಲ, ಅದರ ಎರಡು ಮೂರು ನಿಮಿಷದಲ್ಲಿ ಪಂಪ್ ಹಚ್ಚುವ ಹೊತ್ತಿಲ್ಲ. ಒತ್ತಡದಲ್ಲಿ ರೆಸಿನ್ ಹೊಯ್ಯುವವರು ಅಚ್ಚನ್ನೂ ಒತ್ತಡದಲ್ಲೇ ಗಟ್ಟಿ ಮಾಡಿರಬೇಕು. ಇಲ್ಲದಿದ್ದರೆ ಸಿಲಿಕೋನ್ ಒಳಗಿನ ಗುಳ್ಳೆ ಕುಗ್ಗಿ ಎರಕದ ಮೇಲೆ ಮೊಡವೆ ಮೂಡುತ್ತದೆ.

ಯಂತ್ರ ಇಲ್ಲದೆ ಮಾಡುವುದು ಹೀಗೆ. ಮೊದಲು ಸ್ವಲ್ಪ ಸಿಲಿಕೋನ್ ಅನ್ನು ಮೆತ್ತನೆ ಬ್ರಷ್‌ನಿಂದ ಮಾಸ್ಟರ್ ಮೇಲೆ ಹಚ್ಚಿ, ಮೂಲೆಗಳಲ್ಲಿ ಬ್ರಷ್ ತುದಿಯಿಂದ ಕುಕ್ಕಿ. ಉಳಿದದ್ದನ್ನು ಎತ್ತರದಿಂದ ದಾರದಷ್ಟು ತೆಳ್ಳಗೆ, ಪೆಟ್ಟಿಗೆಯ ಒಂದೇ ಮೂಲೆಗೆ ಸುರಿಯಿರಿ. ಅದು ತಾನಾಗಿ ಹರಿದು ಮಾಸ್ಟರ್ ಮುಳುಗಬೇಕು. ಎರಕ ಹೊಯ್ಯುವಾಗ ಅಚ್ಚಿಗೆ ಟಾಲ್ಕ್ ಪುಡಿ ಉದುರಿಸಿ, ತಿರುವಿ ತಟ್ಟಿ ಹೆಚ್ಚಿನದು ಬೀಳಿಸಿ. ಉಳಿದ ತೆಳು ಪುಡಿ ರೆಸಿನ್ ಅನ್ನು ಮೂಲೆಗೆ ಎಳೆಯುತ್ತದೆ. ಎರಡು ತುಂಡಿನ ಅಚ್ಚಾದರೆ ಮೊದಲ ತುಂಡಿಗೆ ವ್ಯಾಸಲೀನ್ ತೆಳುವಾಗಿ ಹಚ್ಚದೆ ಎರಡನೆಯದು ಹೊಯ್ಯಬೇಡಿ. ಸಿಲಿಕೋನ್ ಬೇರೆ ಯಾವುದಕ್ಕೂ ಅಷ್ಟಾಗಿ ಅಂಟುವುದಿಲ್ಲ, ಸಿಲಿಕೋನ್‌ಗೆ ಮಾತ್ರ ಅಂಟುತ್ತದೆ.

ಪಾಲಿಯುರೆಥೇನ್ ಬೆರೆಸುವ ಲೋಟ ಪ್ಲಾಸ್ಟಿಕ್‌ನದು ಇರಲಿ. ಕಾಗದದ ಲೋಟ, ಐಸ್ ಕ್ರೀಮ್ ಕಡ್ಡಿ ಎರಡರಲ್ಲೂ ತೇವ ಕೂತಿರುತ್ತದೆ. ಬಣ್ಣಕ್ಕೆ ಅಂತ ಪೇಂಟ್ ಅಂಗಡಿಯ ಸ್ಟೇನರ್ ಕೂಡ ಹಾಕಬೇಡಿ, ನೀರಿನಂಶ ಇರುವಂಥದ್ದಾದರೆ ಅದೂ ನೊರೆ ಎಬ್ಬಿಸುತ್ತದೆ. ಬಾಟಲಿಗಳನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಿಸುವ ಜೆಲ್ ತಂದರೆ ತೇವ ತುಂಬಿದ್ದು ಕಾಣುತ್ತದೆ, ಅಡುಗೆಗೆ ಬಳಸದ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು.

ಮುಖಕ್ಕೆ ಎನ್95 ಸಾಲದು. ಅದು ದೂಳಿಗೆ, ಆವಿಗೆ ಅಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಇರುವ ಅರ್ಧ ಮುಖದ ಮಾಸ್ಕ್ ತಗೊಳ್ಳಿ, ಕೈಗೆ ನೈಟ್ರೈಲ್ ಕೈಗವಸು. ಐಸೋಸಯನೇಟ್ ಒಗ್ಗದೆ ಹೋದವರಿಗೆ ಆಮೇಲೆ ಸ್ವಲ್ಪ ಆವಿಗೂ ಉಬ್ಬಸ ಬರುತ್ತದೆ. ಎರಕವನ್ನು ನೀರು ಹಾಕಿ ಉಜ್ಜಿ, ದೂಳು ಏಳದ ಹಾಗೆ.

ಸಾಗರದ ಉಳಿ

ಮೀಟರ್ ಗೇಜ್ ಅವರೇ, ಅಳತೆ ತೆಗೆಯಲು ಅರಸಾಳು ನಿಲ್ದಾಣಕ್ಕೆ ಹೋಗಿದ್ದೀರಾ? ಮಾಲ್ಗುಡಿ ಮ್ಯೂಸಿಯಂ ಪಕ್ಕ ಹಳೇ ಮೀಟರ್ ಗೇಜ್ ಡಬ್ಬಿ ಇದೆ. ಮಾಸ್ಟರ್ ಮಾಡುವ ಮೊದಲು ಒಮ್ಮೆ ಟೇಪು ಹಿಡಿದು ನೋಡಿ ಬನ್ನಿ. ಬೇರೆ ಕಂಪನಿಯ ಕಿಟ್‌ನ ಭಾಗವನ್ನು ಅಚ್ಚಿಗೆ ಹಾಕಿ ಮಾರುವವರನ್ನು ನೋಡಿದ್ದೇನೆ, ಅದು ಬೇರೊಬ್ಬರ ದುಡಿಮೆ ಕದ್ದ ಹಾಗೆ. ನಿಮ್ಮದೇ ಅಳತೆ, ನಿಮ್ಮದೇ ಮಾಸ್ಟರ್ ಅಂತ ಓದಿ ಖುಷಿಯಾಯಿತು.

ಮೀಟರ್ ಗೇಜ್, ಶಿವಮೊಗ್ಗ

ಮುಂದಿನ ಭಾನುವಾರ ಅರಸಾಳಿಗೆ ಹೋಗುತ್ತೇನೆ. ಈಗ ಮಳೆ ಶುರುವಾಗುವ ಹೊತ್ತು, ಹಾಗಾಗಿ ಪಾಲಿಯುರೆಥೇನ್ ಡಿಸೆಂಬರ್‌ಗೆ ಬಿಟ್ಟೆ. ಈಗ ಟಿನ್ ಸಿಲಿಕೋನ್ 1 ಕೆಜಿ, ಆಭರಣದ ತಕ್ಕಡಿ, ಮಾಸ್ಕ್. ಆಕ್ಸಲ್ ಬಾಕ್ಸ್‌ಗೆ ಕೋಲ್ಡ್ ಕ್ಯೂರ್ ಅಕ್ರಿಲಿಕ್, ವೆಂಟಿಲೇಟರ್‌ಗೆ ಎಪಾಕ್ಸಿ. ಉಳಿದ ರೆಸಿನ್ ಏನು ಮಾಡುವುದು? ನಮ್ಮ ಮನೆ ಹಿಂದೆಯೇ ಹಳ್ಳ ಇದೆ.

ತುಂಗಾ ದಂಡೆ, ತೀರ್ಥಹಳ್ಳಿ

ಹಳ್ಳಕ್ಕೆ, ಬಚ್ಚಲಿಗೆ, ತೋಟದ ಬುಡಕ್ಕೆ ಯಾವುದೂ ಬೇಡ. ಆ ನೀರು ಕೊನೆಗೆ ತುಂಗೆಗೆ ಸೇರುವುದು. ಎರಡು ಭಾಗ ಸರಿಯಾದ ಅಳತೆಯಲ್ಲಿ ಬೆರೆಸಿ ಕಪ್ಪಿನಲ್ಲೇ ಗಟ್ಟಿ ಮಾಡಿ, ಗಟ್ಟಿಯಾದ ಮೇಲೆ ಒಣ ಕಸಕ್ಕೆ ಹಾಕಿ. ಎಪಾಕ್ಸಿ ಆದರೆ ಒಂದೇ ಕಪ್ಪಿನಲ್ಲಿ ತುಂಬ ಇಡಬೇಡಿ, ತನ್ನ ಬಿಸಿಗೆ ತಾನೇ ಹೊಗೆಯಾಡುತ್ತದೆ. ತೇವ ಸೇರಿದ ಐಸೋಸಯನೇಟ್ ಬಾಟಲಿಯ ಮುಚ್ಚಳ ಬಿಗಿ ಮಾಡಿ ಇಡಬಾರದು. ಒಳಗೆ ಅನಿಲ ತುಂಬಿ ಬಾಟಲಿ ಒಡೆಯುತ್ತದೆ.

ನನಗೂ ಅರ್ಧ ಕೆಜಿ ಟಿನ್ ಸಿಲಿಕೋನ್ ಬೇಕಿತ್ತು. ಒಟ್ಟಿಗೆ ತರಿಸಿದರೆ ಸಾಗಾಟದ ಖರ್ಚು ಹಂಚಿಕೊಳ್ಳಬಹುದು. ಹೊಸನಗರದವರೂ ಸೇರುತ್ತೀರಾ?

ಹೊಸನಗರ ತ್ರೀಡಿ

ನನ್ನದೂ ಅರ್ಧ ಕೆಜಿ ಸೇರಿಸಿ. ಶೋರ್ ಎ 20ರದ್ದು ಸಾಕು ಅಲ್ವಾ? ಶಿವಮೊಗ್ಗಕ್ಕೆ ಬಂದಾಗ ಡಬ್ಬ ತಂದು ಅಲ್ಲೇ ತೂಕ ಹಾಕಿಸಿಕೊಳ್ಳುತ್ತೇನೆ.

ಮೀಟರ್ ಗೇಜ್, ಶಿವಮೊಗ್ಗ

ಸಾಕು, 20ರದ್ದೇ ಕೇಳುತ್ತೇನೆ. ಒಟ್ಟು 2 ಕೆಜಿ ಆಯಿತು. ತಯಾರಾದ ತಿಂಗಳು ಕೇಳಿದ ಮೇಲೆಯೇ ದುಡ್ಡು ಹಾಕುವುದು. ಕ್ಯಾಟಲಿಸ್ಟ್ ಮೂರು ಸಣ್ಣ ಬಾಟಲಿಯಲ್ಲಿ ಬೇರೆ ಬೇರೆ ಕೊಡಲು ಹೇಳುತ್ತೇನೆ.